ಪ್ರಿಂಟರೂ ನೆಂಟರೂ

ಕುಮಟಾ ಕಡೆಯ ಬಾಡದಂಥ ಊರಿನಲ್ಲಿ ಮನೆಗೊಂದು ಪ್ರಿಂಟರ್ ಇರಬೇಕೆಂದು ಯಾರೂ ಹಟ ಹಿಡಿದಿಲ್ಲ. ಪಹಣಿ, ಆಧಾರ್, ಮಗಳ ಹಾಲ್ ಟಿಕೆಟ್, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲಕ್ಕೂ ಜೆರಾಕ್ಸ್ ಅಂಗಡಿಯೇ ಗತಿ. ಅಲ್ಲಿ ಕಂಪ್ಯೂಟರ್ ಮೂರಿದ್ದರೂ ಪ್ರಿಂಟರ್ ಒಂದೇ.

"ತಮಾ, ನಂದು ಬಂತಾ?"

"ತಡೀರಿ ಅಜ್ಜಾ, ನಿಮ್ಮ ಮುಂದೆ ಎರಡು ಅದೆ."

ನೆಟ್‌ವರ್ಕ್ ಪ್ರಿಂಟಿಂಗಿನ ಅರ್ಧ ಶಾಸ್ತ್ರ ಈ ಉತ್ತರದಲ್ಲೇ ಮುಗಿಯಿತು. ಕಳಿಸಿದ ಕಡತ ನೇರ ಪ್ರಿಂಟರಿನ ಬಾಯಿಗೆ ಹೋಗುವುದಿಲ್ಲ. ಸ್ಪೂಲರ್ ಎಂಬ ತಂತ್ರಾಂಶ ಅದನ್ನು ಡಿಸ್ಕಿನಲ್ಲಿ ಹಿಡಿದಿಟ್ಟು, ಸರದಿ ಬಂದಾಗ ಬಿಡುತ್ತದೆ. ಇಲ್ಲವಾದರೆ ಗದಾಯುದ್ಧದ ಹ್ಯಾಂಡ್‌ಬಿಲ್ಲಿನ ನಡುವೆ ಸರ್ವೆ ನಂಬರ್ ಮೂಡಿ, ಭೀಮ ದುರ್ಯೋಧನರು ಗುಂಟೆ ಲೆಕ್ಕದಲ್ಲಿ ಹೊಡೆದಾಡಬೇಕಿತ್ತು. ಅವರ ಜಗಳವೂ ಜಮೀನಿನದ್ದೇ ಅನ್ನಿ.

ಜಮೀನೆಂದರೆ ನೆನಪಾಯಿತು. ಪಹಣಿ ಮೊದಲು ಕೈಬರಹದ್ದು. ಅದನ್ನು ಓದಲು ಬರೆದವರೇ ಬರಬೇಕಿತ್ತು. ‘ಭೂಮಿ’ ಯೋಜನೆ ತಾಲೂಕು ಕಚೇರಿಗೆ ಕಾಲಿಟ್ಟ ಮೇಲೆ 15 ರೂಪಾಯಿಗೆ ಅಚ್ಚಾದ ಪಹಣಿ ಕೈಗೆ ಬಂತು. ನಮ್ಮ ರೈತನಿಗೆ ಕಂಪ್ಯೂಟರಿನ ಮಹಿಮೆ ತಿಳಿದದ್ದು ಅದರೊಳಗಿಂದ ಹೊರಬಂದ ಕಾಗದದಿಂದಲೇ.

ಕಂಪ್ಯೂಟರ್ ಪಂಡಿತರ ಕತೆಯೂ ಬೇರೆಯೇನಲ್ಲ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ. 1971ರ ಹೊತ್ತಿಗೆ ಗ್ಯಾರಿ ಸ್ಟಾರ್ಕ್‌ವೆದರ್ ಅಲ್ಲಿ ಲೇಸರ್ ಪ್ರಿಂಟರ್ ಕಟ್ಟಿ ನಿಲ್ಲಿಸಿದರು. ಅದನ್ನು ಮೇಜಿಗೊಂದರಂತೆ ಇಡುವುದು ಆಗದ ಮಾತು. ಎಲ್ಲರ ಕಂಪ್ಯೂಟರನ್ನೂ ಅದಕ್ಕೆ ಜೋಡಿಸುವ ದಾರಿ ಹುಡುಕುತ್ತ ಬಾಬ್ ಮೆಟ್‌ಕಾಫ್ 1973ರಲ್ಲಿ ಈಥರ್‌ನೆಟ್ ಎಂಬ ಜಾಲದ ಟಿಪ್ಪಣಿ ಬರೆದರು. ಮದುವೆಯ ಅಡುಗೆಗೆ ಬೇಕಾಗುವ ದೊಡ್ಡ ಕೊಪ್ಪರಿಗೆ ಊರಿಗೆಲ್ಲ ಒಂದೇ ಇದ್ದಾಗ ಮನೆಮನೆಗೂ ಹೋಗಿಬರುವ ದಾರಿ ಬೀಳುತ್ತದಲ್ಲ, ಹಾಗೆ. ಇಂದು ಕಚೇರಿ ಗೋಡೆಗಳಲ್ಲಿ ಹರಿದಾಡುವ ನೀಲಿ ಕೇಬಲ್ಲಿನ ವಂಶಾವಳಿ ಅಲ್ಲಿಂದ ಶುರು.

ಹಂಚಿಕೊಂಡಲ್ಲಿ ತಕರಾರೂ ಇದ್ದದ್ದೇ. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು: ಕಾಗದ ಸಿಕ್ಕಿಕೊಂಡರೆ ಸರದಿಯಲ್ಲಿದ್ದವರಿಗೆಲ್ಲ ಸಂದೇಶ ಹೋಗುತ್ತಿತ್ತು, ಯಾರಾದರೂ ಎದ್ದು ಹೋಗಿ ಬಿಡಿಸುತ್ತಿದ್ದರು. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ತಂತ್ರಾಂಶದ ಮೂಲ ಸಂಕೇತವನ್ನು ಸ್ಟಾಲ್ಮನ್ ಕೇಳಿದರೆ, ಅದನ್ನು ಇಟ್ಟುಕೊಂಡವರು ಕೊಡಲೊಲ್ಲೆ ಎಂದರು. ಆ ಸಿಟ್ಟು ಒಳಗೇ ಕುದಿದು, 1983ರಲ್ಲಿ ಸ್ಟಾಲ್ಮನ್ ಸಾರಿದ ಮುಕ್ತ ತಂತ್ರಾಂಶದ ಗ್ನೂ ಯೋಜನೆಗೆ ಒಂದು ಕಾರಣವಾಯಿತು. ಕಾಗದ ಸಿಕ್ಕಿಕೊಂಡಿದ್ದರಿಂದ ಒಂದು ಚಳವಳಿ!

ಮಳೆಗಾಲದಲ್ಲಿ ನಮ್ಮಲ್ಲಿ ಬೇರೆ ಚಳವಳಿ. ಕರೆಂಟು ಹೋಗಿ ಬಂದ ಮೇಲೆ ರೂಟರ್ ಕೆಲವೊಮ್ಮೆ ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ಕಂಪ್ಯೂಟರು ಹಳೆಯದನ್ನೇ ಹುಡುಕಿ ಸೋತು ‘ಆಫ್‌ಲೈನ್’ ಎನ್ನುತ್ತದೆ. ಪ್ರಿಂಟರು ಮಾತ್ರ ಎದುರಿಗೇ ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತದೆ. ರೂಟರಿನಲ್ಲಿ ಅದಕ್ಕೊಂದು ಕಾಯಂ ವಿಳಾಸ ಬರೆದಿಟ್ಟರೆ ಈ ತಂಟೆ ಇಲ್ಲ.

ಈಗ ಪ್ರಿಂಟರು ಅಗ್ಗ. ಕೊಂಡು ತಂದವರ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ ಒಂದು ಹಾಳೆ; ಅಷ್ಟರಲ್ಲಿ ಇಂಕು ಒಣಗಿರುತ್ತದೆ. ಕಡೆಗೆ ಅವರೂ ಪೆನ್‌ಡ್ರೈವ್ ಹಿಡಿದು ಅದೇ ಅಂಗಡಿಗೆ ಬಂದು, ಅಜ್ಜನ ಹಿಂದೆ ನಿಂತು ಕೇಳುತ್ತಾರೆ: "ನಿಮ್ಮದು ಎಷ್ಟು ಹಾಳೆ, ಅಜ್ಜಾ?"