ಒಂದೇ ಕಾವು, ಎರಡು ದಾರಿ

ರೋಗದ ಹೆಸರನ್ನು ಬಲ್ಲವರು ಬಹು ಮಂದಿ. ರೋಗವು ಬಂದ ದಾರಿಯನ್ನು ಬಲ್ಲವರು ವಿರಳ. ರೋಗವನ್ನರಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ಐದು ಸಾಧನಗಳನ್ನು ಮಾಧವನಿದಾನವು ಹೇಳುವುದು. ಇವುಗಳಲ್ಲಿ ಕಡೆಯದಾದ ಸಂಪ್ರಾಪ್ತಿಯೆಂದರೆ ದೇಹದೊಳಗೆ ವಿಕಾರವು ಹುಟ್ಟಿ ಬೆಳೆದ ಕ್ರಮ. ಇಂದಿನ ಶುಶ್ರೂಷಾ ವಿದ್ಯಾರ್ಥಿನಿಯರು ಪೆಥೋಫಿಸಿಯಾಲಜಿ ಎಂಬ ಹೆಸರಿನಿಂದ ಓದುವ ಶಾಸ್ತ್ರದ ಗುರಿಯೂ ಇದೇ. ದೋಷಗಳ ಮಾತಿನ ಸ್ಥಳದಲ್ಲಿ ಜೀವಕೋಶಗಳ ಮಾತು ಬಂದಿದೆ. ಆದರೆ ಪ್ರಶ್ನೆಯು ಬದಲಾಗಿಲ್ಲ: ಇದು ಹೀಗೇಕೆ ಆಯಿತು?

ತಿಕೋಟಾ ಸೀಮೆಯ ಹಳ್ಳಿಯ ಹುಡುಗಿಯೊಬ್ಬಳು ವಿಜಯಪುರದಲ್ಲಿದ್ದು ಈ ವಿದ್ಯೆಯನ್ನು ಕಲಿಯುತ್ತಿದ್ದಳು. ಲಕ್ಷಣಗಳ ಪಟ್ಟಿಯನ್ನು ಅವಳು ಸೊಗಸಾಗಿ ಬಾಯಿಪಾಠ ಮಾಡುವಳು. ಕಾರಣದ ಅಧ್ಯಾಯ ಬಂದರೆ ಮಾತ್ರ ಬೇಸರ. ಮದ್ದು ಗೊತ್ತಿದ್ದರೆ ಸಾಲದೆ, ಒಳಗಿನ ಗೊಡವೆ ದಾದಿಗೇಕೆ ಎಂಬುದು ಅವಳ ವಾದ.

ಏಪ್ರಿಲ್ ತಿಂಗಳ ರಜೆಯಲ್ಲಿ ಅವಳು ಊರಿಗೆ ಬಂದಿದ್ದಳು. ವಿಜಯಪುರದ ಬೇಸಗೆಯನ್ನು ಬಲ್ಲವರಿಗೆ ಹೇಳಬೇಕಾದುದೇನು? ಬಿಸಿಲು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಅಲ್ಲಿ ಅಪರೂಪವಲ್ಲ. ತಂದೆಯು ಬೆಳಗಿನಿಂದ ದ್ರಾಕ್ಷಿಯ ತೋಟದಲ್ಲಿ ಬುಟ್ಟಿಗಳನ್ನು ಹೊತ್ತು, ಒಣದ್ರಾಕ್ಷಿಯ ಶೆಡ್ಡಿಗೆ ಸಾಗಿಸುತ್ತಿದ್ದವನು, ನೀರು ಕುಡಿಯುವುದನ್ನೂ ಮರೆತಿದ್ದನು. ಮಧ್ಯಾಹ್ನ ಇಬ್ಬರು ಆಳುಗಳು ಅವನನ್ನು ಹಿಡಿದುಕೊಂಡು ಮನೆಗೆ ತಂದರು. ಮೈ ಕಾದ ಹಂಚಿನಂತೆ, ಚರ್ಮವು ಒಣಗಿದ್ದಿತು, ಮಾತು ತಪ್ಪುತ್ತಿದ್ದಿತು, ಮಗಳ ಗುರುತೇ ಹತ್ತಲಿಲ್ಲ.

ಬಬಲೇಶ್ವರದಿಂದ ಬಂದಿದ್ದ ಸೋದರತ್ತೆಯು ದೊಡ್ಡ ಜ್ವರವೆಂದು ಕಂಬಳಿಯನ್ನು ಹೊದಿಸಿದಳು. ಅಜ್ಜಿಯು ಕಷಾಯಕ್ಕೆ ಒಲೆ ಹೊತ್ತಿಸಿದಳು. ಹುಡುಗಿಯೂ ಜ್ವರದ ಮಾತ್ರೆಯನ್ನು ಕೈಯಲ್ಲಿ ಹಿಡಿದಿದ್ದಳು. ಉಷ್ಣಮಾಪಕವು 41 ಡಿಗ್ರಿಯನ್ನು ತೋರಿಸಿತು. ಆಗ ಬೇಸರದಿಂದ ಓದಿದ್ದ ಅಧ್ಯಾಯವು ಅವಳ ಕೈಯನ್ನು ತಡೆಯಿತು.

“ಮೊದಲು ಚಳಿ ಬಂದು ನಡುಗಿದ್ದನೇನು?” ಎಂದು ಆಳುಗಳನ್ನು ಕೇಳಿದಳು. ಇಲ್ಲವೆಂದರು.

ಜ್ವರದಲ್ಲಿ ಮೆದುಳಿನ ಹೈಪೋಥಲಾಮಸ್ ಎಂಬ ಭಾಗವು ತಾನೇ ಕಾವಿನ ಗೆರೆಯನ್ನು ಮೇಲೆತ್ತುವುದು. ಸೋಂಕು ತಗುಲಿದಾಗ ಹುಟ್ಟುವ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯವು ಅದಕ್ಕೆ ಪ್ರೇರಕ. 37 ಡಿಗ್ರಿಯ ಮೈಯು ಆ ಹೊಸ ಗೆರೆಗೆ ತಣ್ಣಗೆ ತೋರುವುದರಿಂದಲೇ ರೋಗಿಯು ನಡುಗಿ ಕಂಬಳಿಯನ್ನು ಬೇಡುವನು. ಪ್ಯಾರಾಸಿಟಮಾಲ್ ಆ ದ್ರವ್ಯವನ್ನು ತಡೆದು ಗೆರೆಯನ್ನು ಇಳಿಸುವುದು. ಬಿಸಿಲಿನ ಹೊಡೆತದಲ್ಲಿಯಾದರೋ ಗೆರೆಯು ಸ್ವಸ್ಥಾನದಲ್ಲಿಯೇ ಇರುವುದು. ಕಾವನ್ನು ಹೊರಹಾಕುವ ಬಾಗಿಲು ಮಾತ್ರ ಸೋತಿರುವುದು. ಏರದ ಗೆರೆಯನ್ನು ಮಾತ್ರೆಯು ಇಳಿಸುವುದೆಂತು? ಕಂಬಳಿಯಂತೂ ಉರಿಯ ಮೇಲೆ ಮುಚ್ಚಳ.

ಅವಳು ಕಂಬಳಿಯನ್ನು ಎಳೆದೊಗೆದು, ಅಂಗಿಯನ್ನು ಬಿಚ್ಚಿಸಿ, ಮೈಗೆಲ್ಲ ತಣ್ಣೀರು ಸುರಿದು ಬೀಸತೊಡಗಿದಳು. ಎಚ್ಚರ ತಪ್ಪುತ್ತಿದ್ದವನ ಬಾಯಿಗೆ ನೀರು ಹಾಕಗೊಡಲಿಲ್ಲ. ಅದು ಶ್ವಾಸನಾಳಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿಸಿದಳು. ಅತ್ತೆಯು, ಜ್ವರದವನ ಮೇಲೆ ನೀರು ಸುರಿದು ಕೊಲ್ಲುವೆಯಾ ಎಂದು ಕೂಗಿಕೊಂಡಳು. ಹುಡುಗಿಯು ಮೂಲೆಯ ಮಣ್ಣಿನ ಗಡಿಗೆಯನ್ನು ತೋರಿಸಿ ಹೇಳಿದಳು: “ಗಡಿಗೆ ಬೆವರಿದರೆ ನೀರು ತಣ್ಣಗಾಗುತ್ತದೆ. ಅಪ್ಪನ ಗಡಿಗೆ ಬೆವರುವುದನ್ನು ನಿಲ್ಲಿಸಿದೆ. ಹೊರಗಿನಿಂದ ನಾವೇ ಬೆವರಿಸಬೇಕು.” ಅಜ್ಜಿಯು ಒಲೆಯನ್ನು ಬಿಟ್ಟು ಬಂದು, ಮಾತಿಲ್ಲದೆ ಬೀಸಣಿಗೆಯನ್ನು ತೆಗೆದುಕೊಂಡಳು.

ಉಪಮೆಯು ಬರಿಯ ಉಪಮೆಯಲ್ಲ. ಒಂದು ಲೀಟರು ಬೆವರು ಆರುವಾಗ ಸುಮಾರು 580 ಕಿಲೋಕ್ಯಾಲೊರಿ ಕಾವನ್ನು ಒಯ್ಯುವುದು. ಆ ನೀರು ರಕ್ತದಿಂದಲೇ ಬರಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಬೆವರೂ ಕುಗ್ಗುವುದು. ರಕ್ತವು ಚರ್ಮದತ್ತ ಧಾವಿಸಿ ಕರುಳಿಗೆ ಕೊರತೆಯಾದಾಗ ಅದರ ಗೋಡೆ ಸಡಿಲಿ ಸೂಕ್ಷ್ಮಜೀವಿಗಳ ವಿಷವು ರಕ್ತಕ್ಕೆ ಸೇರಬಹುದು. ಯಕೃತ್ತು, ಮೂತ್ರಪಿಂಡಗಳು ಕೆಡಬಹುದು. ಆದುದರಿಂದ ಇಲ್ಲಿ ಮೊದಲ ಅರ್ಧ ಗಂಟೆಯೇ ಆಯುಷ್ಯ. ಎಲ್ಲ ರೋಗಿಗಳ ಚರ್ಮವೂ ಒಣಗಿರಬೇಕೆಂದಿಲ್ಲ. ದುಡಿಯುತ್ತಲೇ ಬಿದ್ದವನು ಬೆವರಿನಿಂದ ತೊಯ್ದಿರಲೂಬಹುದು. ಬಿಸಿಲಿನಲ್ಲಿದ್ದವನ ಮೈ ಸುಡುತ್ತಿದ್ದು ಬುದ್ಧಿ ಕದಡಿದ್ದರೆ, ಸಂಶಯವಿದ್ದರೂ ತಣಿಸುವುದೇ ಮೊದಲು.

ವಾಹನವು ಬರುವಷ್ಟರಲ್ಲಿ ಅವನು ಮಗಳ ಹೆಸರನ್ನು ಹಿಡಿದು ಕರೆದಿದ್ದನು. ದವಾಖಾನೆಯಲ್ಲಿ ವೈದ್ಯರು ಕೆಲವು ದಿನ ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಿದ್ದು ಆಮೇಲೆ ಮನೆಗೆ ಕಳುಹಿಸಿದರು.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ ಚರಕಸಂಹಿತೆಯು ಪರಿಚಾರಕನ ಗುಣಗಳಲ್ಲಿ ಉಪಚಾರದ ಜ್ಞಾನವನ್ನು ಮೊದಲಿಟ್ಟು, ದಕ್ಷತೆ, ಅನುರಾಗ, ಶುಚಿತ್ವಗಳನ್ನು ಆ ಬಳಿಕ ಎಣಿಸಿದೆ. ಆ ಮನೆಯಲ್ಲಿ ಅನುರಾಗಕ್ಕೆ ಕೊರತೆಯಿರಲಿಲ್ಲ. ಕಂಬಳಿಯನ್ನು ಹೊದಿಸಿದುದೂ ಅನುರಾಗವೇ. ಅದನ್ನು ತೆಗೆಯುವುದಕ್ಕೆ ಜ್ಞಾನವು ಬೇಕಾಯಿತು.