ಹಟ್ಟಿ, ಹಕ್ಕಿ, ಹತ್ತಿ

ಕಾರಿನ ಬಾಗಿಲುಗಳನ್ನು ಬಿಚ್ಚಿಸಿ ಒಳಗೆಲ್ಲ ರಬ್ಬರು ಅಂಟಿಸಿದೆನೆಂಬ ಸುದ್ದಿ ನೆಂಟರಲ್ಲಿ ಹಬ್ಬಿ, ‘ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಹಾಡು ಕೇಳುವ ಹುಚ್ಚು ಹಿಡಿಯಿತೇ’ ಎಂದು ಇಬ್ಬರು ಮೂವರು ಫೋನು ಮಾಡಿ ವಿಚಾರಿಸಿದ್ದಾರೆ. ಹಾಡಿನ ಗೊಡವೆ ನನಗಿಲ್ಲ. ಮಾತಿನ ಸಲುವಾಗಿ ಮಾಡಿಸಿದ ಕೆಲಸವದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ತಂದೆತಾಯಿಯರು ಈಗ ನಮ್ಮ ವಯಸ್ಸಿನವರೇ ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಶ್ರೀಮತಿಗೆ ಮೂರು ನಾಲ್ಕು ವರ್ಷಗಳಿಂದ ಕಿವಿ ಮಂದವಾಗುತ್ತಿದೆ. ಮನೆಯಲ್ಲಿ ಎದುರು ಕುಳಿತರೆ ಅಷ್ಟು ತೊಂದರೆಯಿಲ್ಲ. ತುಟಿಯ ಚಲನೆಯನ್ನು ತನಗೇ ಅರಿವಿಲ್ಲದಂತೆ ಓದಿಕೊಳ್ಳುತ್ತಾಳೆ. ಕಾರಿನಲ್ಲಿ ನನ್ನ ಮುಖ ರಸ್ತೆಯ ಕಡೆಗಿರುತ್ತದೆ. ನನ್ನಿವಾಳದಿಂದ ಹೊರಟು ಹೆದ್ದಾರಿ ಸೇರಿದ ಮೇಲೆ ನಾನು ಹೇಳಿದ್ದಕ್ಕೆಲ್ಲ ‘ಹೂಂ’ ಎನ್ನುವುದು ಆಕೆಗೆ ರೂಢಿಯಾಗಿತ್ತು. ಬೆಂಗಳೂರಿನ ಮಗಳ ಮನೆಗೆ ಚಳ್ಳಕೆರೆಯಿಂದ ಹಿರಿಯೂರು, ಶಿರಾ ಮಾರ್ಗವಾಗಿ ಸುಮಾರು 200 ಕಿ.ಮೀ. ಒಮ್ಮೆ ಶಿರಾ ದಾಟುವಾಗ ಆಕೆಯ ತಂಗಿಗೆ ಆಪರೇಷನ್ ಆಗಬೇಕಾಗಿದೆಯೆಂದು ಹೇಳಿದೆ. ಅದಕ್ಕೂ ‘ಹೂಂ’ ಎಂದು ನಕ್ಕಳು. ಗಾಡಿಯನ್ನು ಬದಿಗೆ ನಿಲ್ಲಿಸಿ ಮತ್ತೊಮ್ಮೆ ಹೇಳಬೇಕಾಯಿತು. ಅತ್ತು ಸುಧಾರಿಸಿಕೊಂಡ ಮೇಲೆ, ‘ಏನೂ ಕೇಳಿಸಲ್ಲ ರೀ. ಪದೇಪದೇ ಏನಂದ್ರಿ ಅನ್ನೋಕೆ ನಾಚಿಕೆಯಾಗಿ ಸುಮ್ಮನಿದ್ದುಬಿಡ್ತೀನಿ’ ಎಂದಳು.

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಹೆಚ್ಚು ಆವೃತ್ತಿಯ ಶಬ್ದಗಳನ್ನು. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ಹಟ್ಟಿ, ಹಕ್ಕಿ, ಹತ್ತಿ ಎಂಬ ಮೂರು ಪದಗಳನ್ನು ಹೇಳಿ ನೋಡಿ. ನಡುವಿನ ಒತ್ತಕ್ಷರವೊಂದು ಕೇಳದಿದ್ದರೆ ಮೂರೂ ಒಂದೇ. ಇದರ ಮೇಲೆ ಚಕ್ರಗಳ ಗುಡುಗು ಬೇರೆ. ಕಡಿಮೆ ಆವೃತ್ತಿಯ ಸದ್ದು ಜೋರಾದಾಗ ಅದು ತನಗಿಂತ ಮೇಲಿನ ಶಬ್ದಗಳನ್ನು ಮುಚ್ಚಿಹಾಕುತ್ತದೆ. ಶ್ರವಣಸಾಧನ ಹಾಕಿಸಿದ್ದೇವೆ; ಆದರೆ ಅದು ಮಾತಿನ ಜೊತೆಗೆ ಗುಡುಗನ್ನೂ ಹಿಗ್ಗಿಸಿ ಕೊಡುತ್ತದೆಂದು ಆಕೆಯ ದೂರು.

ಶಬ್ದದ ಪಾಠ ನಿಮಗೆ ನೆನಪಿರಬಹುದು. ಶಾಲೆಯಲ್ಲಿ ತೂಗುಹಾಕಿದ್ದ ರೈಲುಕಂಬಿಯ ತುಂಡನ್ನು ಜವಾನ ಬಾರಿಸಿದ ಮೇಲೆ ಕೈಯಿಂದ ಹಿಡಿದರೆ ನಾದ ತಟ್ಟನೆ ನಿಲ್ಲುತ್ತಿತ್ತು. ಕಾರಿನ ಬಾಗಿಲಿನ ತಗಡೂ ಅಂಥದೊಂದು ಗಂಟೆಯೇ. ಅದನ್ನು ಹಿಡಿದು ನಿಲ್ಲಿಸುವ ಕೈಯಂತೆ ಕೆಲಸ ಮಾಡುವುದು ಡ್ಯಾಂಪಿಂಗ್ ಶೀಟ್. ಸುಮಾರು 2 ಮಿ.ಮೀ. ದಪ್ಪದ ಬ್ಯೂಟೈಲ್ ರಬ್ಬರು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ತಗಡು ನಡುಗಿದಾಗ ತಗಡಿಗೂ ಹಾಳೆಗೂ ನಡುವೆ ಸಿಕ್ಕ ರಬ್ಬರು ಹಿಂದೆಮುಂದೆ ಎಳೆದಾಡಿ, ಕಂಪನದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಗಂಟೆಯನ್ನು ನಿಲ್ಲಿಸಲು ಇಡೀ ಗಂಟೆಯನ್ನು ಹಿಡಿಯಬೇಕಿಲ್ಲವಷ್ಟೆ. ಹಾಗೆಯೇ ತಗಡಿನ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ, ಚಪ್ಪಟೆಯಾದ ನಡುಭಾಗದಲ್ಲಿ ಅಂಟಿಸಿದರೆ ಲಾಭದ ಹೆಚ್ಚಿನ ಪಾಲು ದೊರೆಯುತ್ತದೆ. ಅಂಗಡಿಯವರು ಮೂಲೆಮೂಲೆಗೂ ಹಾಕಿಸಿ ಎನ್ನುತ್ತಾರೆ. ಅವರ ವ್ಯಾಪಾರ ಅವರಿಗೆ.

ಇದೇ ಬಗೆಯ ಡಾಂಬರಿನ ಶೀಟುಗಳೂ ಅಗ್ಗದಲ್ಲಿ ದೊರೆಯುತ್ತವೆ. ಎರಡರದೂ ಒಂದೊಂದು ತುಂಡನ್ನು ತಂದು ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ, ಏಪ್ರಿಲ್ ತಿಂಗಳಲ್ಲಿ ಮನೆಯ ತಾರಸಿಯ ಮೇಲೆ ಲಂಬವಾಗಿ ನಿಲ್ಲಿಸಿದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬಿಸಿಲಿನಲ್ಲಿ ನಿಂತ ತಗಡಿನ ಬಿಸಿ ಅದಕ್ಕಿಂತ ಬಹಳ ಹೆಚ್ಚು. ವಾರದೊಳಗೆ ಡಾಂಬರಿನ ತುಂಡು ಬೆರಳಗಲ ಕೆಳಕ್ಕೆ ಜಾರಿ, ಟಾರು ರಸ್ತೆಯ ವಾಸನೆ ಬರತೊಡಗಿತು. ಬ್ಯೂಟೈಲ್ ಕದಲಲಿಲ್ಲ. ಆಯ್ಕೆ ಅಲ್ಲಿಗೆ ಮುಗಿಯಿತು.

ಚಳ್ಳಕೆರೆಯ ಕಡೆಯವನಾಗಿ ಕಂಬಳಿಯನ್ನು ಮರೆಯುವುದುಂಟೆ? ‘ಸಾವಿರಾರು ರೂಪಾಯಿ ಯಾಕೆ ಸುರೀತೀರಿ, ಕಂಬಳಿ ತುಂಬಿಸಿ’ ಎಂದು ಭಾವಮೈದ ತಮಾಷೆ ಮಾಡಿದ. ನಾನು ತಮಾಷೆಯೆಂದು ತಳ್ಳಿಹಾಕಲಿಲ್ಲ. ಉಣ್ಣೆ ಉತ್ತಮ ಶಬ್ದಶೋಷಕ. ಎಳೆಗಳ ನಡುವೆ ಗಾಳಿ ಉಜ್ಜಾಡುವುದರಿಂದ ಶಬ್ದ ಕುಗ್ಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 2000 ಹರ್ಟ್ಸ್‌ನ ಶಬ್ದದ ತರಂಗದೂರ 17 ಸೆಂ.ಮೀ., ಅದರ ಕಾಲು ಭಾಗ ನಾಲ್ಕು ಸೆಂ.ಮೀ. ಚಿಲ್ಲರೆ. ಅಷ್ಟು ದಪ್ಪ ಹಾಸಿದರೆ ಉಣ್ಣೆ ಅದನ್ನು ಚೆನ್ನಾಗಿ ನುಂಗುತ್ತದೆ. 100 ಹರ್ಟ್ಸ್‌ನ ಗುಡುಗಿಗೆ ತರಂಗದೂರವೇ 3.4 ಮೀಟರು, ಕಾಲು ಭಾಗ 85 ಸೆಂ.ಮೀ. ಅಷ್ಟು ಕಂಬಳಿ ತುಂಬಿದರೆ ನಾವು ಕೂರುವುದೆಲ್ಲಿ? ಬಾಗಿಲಿನೊಳಗಂತೂ ಅದು ಸಲ್ಲದು. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನೊಳಕ್ಕೆ ಇಳಿಯುವುದು ಸಹಜ, ಕೆಳಗಿನ ರಂಧ್ರಗಳಿಂದ ಹರಿದುಹೋಗುತ್ತದೆ. ಒದ್ದೆ ಉಣ್ಣೆ ಅಲ್ಲಿ ಕುಳಿತರೆ ತಗಡಿಗೆ ತುಕ್ಕು. ಆದ್ದರಿಂದ ಬಾಗಿಲಿಗೆ ನೀರು ಹೀರದ ಫೋಮ್ ಹಾಕಿಸಿ, ಹಳೆಯ ಕಂಬಳಿಯೊಂದನ್ನು ಡಿಕ್ಕಿಯ ಮ್ಯಾಟಿನ ಕೆಳಗೆ ನಾಲ್ಕು ಪದರ ಮಡಿಸಿ ಹಾಸಿದೆ. ನೇಯುವಾಗ ಹಾಕಿದ ಹುಣಸೆಬೀಜದ ಸರಿ ಹುಳುಗಳಿಗೆ ಇಷ್ಟ. ಎರಡು ಸಲ ಒಗೆದು ಒಣಗಿಸಿಯೇ ಹಾಸಬೇಕು.

ಕೆಲಸ ಮಾಡಿದವನು ಚಳ್ಳಕೆರೆಯಲ್ಲಿ ಸೀಟ್ ಕವರಿನ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಅವನಿಗೆ ನಾನು ಕೊಟ್ಟ ಅಂಕಗಳನ್ನು ಇಬ್ಬರೂ ಪ್ರಸ್ತಾಪಿಸಲಿಲ್ಲ. ಮೊದಲು ಟೈರು ನೋಡಿ, ‘ಸಾರ್, ಇವು ಸವೆದು ಗಟ್ಟಿಯಾಗಿವೆ. ಇವನ್ನು ಬದಲಾಯಿಸದೆ ಶೀಟು ಹಾಕಿದರೆ ದುಡ್ಡು ದಂಡ’ ಎಂದ. ಟೈರು ಬದಲಾಯಿತು, ಗಾಳಿಯ ಒತ್ತಡ ಸರಿಯಾಯಿತು. ಆಮೇಲೆ ಬಾಗಿಲುಗಳ ಒಳಪ್ಯಾಡು ಬಿಚ್ಚಿ, ಧೂಳನ್ನೂ ಗ್ರೀಸನ್ನೂ ಆಲ್ಕೊಹಾಲಿನಲ್ಲಿ ಒರೆಸಿ, ಶೀಟು ಅಂಟಿಸಿ, ಮೇಲಿನ ಉಬ್ಬುಗೆರೆಗಳು ಮಾಯವಾಗುವವರೆಗೆ ರೋಲರಿನಿಂದ ಒತ್ತಿದ. ನೀರಿನ ರಂಧ್ರಗಳನ್ನೂ ಗಾಜು ಇಳಿಯುವ ದಾರಿಯನ್ನೂ ಲಾಕಿನ ಸರಳುಗಳನ್ನೂ ಮುಟ್ಟಲಿಲ್ಲ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿದರೆ ‘ಟಣ್’ ಎನ್ನುತ್ತಿದ್ದ ಬಾಗಿಲು ‘ದಬ್’ ಎಂದಿತು. ನಾಲ್ಕು ಬಾಗಿಲು, ಹಿಂದಿನ ಚಕ್ರಗಳ ಮೇಲ್ಭಾಗ, ಡಿಕ್ಕಿಯ ನೆಲ: ಎರಡು ದಿನದ ಕೆಲಸ, ಸುಮಾರು ಹತ್ತು ಕೆ.ಜಿ. ಹೆಚ್ಚಿನ ತೂಕ.

ಪರೀಕ್ಷೆಯಿಲ್ಲದೆ ಮೇಷ್ಟ್ರ ಕೆಲಸ ಮುಗಿಯುವುದಿಲ್ಲ. ಕೆಲಸಕ್ಕೆ ಮುಂಚೆಯೇ ಚಳ್ಳಕೆರೆ ಹಿರಿಯೂರು ನಡುವೆ, ಗಾಜು ಏರಿಸಿ, ಗಂಟೆಗೆ 80 ಕಿ.ಮೀ. ವೇಗದಲ್ಲಿ, ಮೇಲಿನ ಮೂರು ಪದಗಳನ್ನು ಹಿಂದುಮುಂದಾಗಿ ಇಪ್ಪತ್ತು ಸಲ ಹೇಳಿದ್ದೆ. ಹಿಂದಿನ ಸೀಟಿನಲ್ಲಿ ಮೊಮ್ಮಗ ಅಂಕ ಹಾಕಿದ. ಒಂಬತ್ತು ಸರಿ. ಮೂರು ಪದಗಳಿರುವಾಗ ಕಣ್ಣುಮುಚ್ಚಿ ಊಹಿಸಿದರೂ ಏಳರಷ್ಟು ಬಂದೀತು. ಎಂದರೆ ಆಕೆಗೆ ಹೆಚ್ಚುಕಡಿಮೆ ಏನೂ ಕೇಳಿಸುತ್ತಿರಲಿಲ್ಲ. ಕೆಲಸವಾದ ಮೇಲೆ ಅದೇ ರಸ್ತೆ, ಅದೇ ವೇಗ: ಹದಿನಾಲ್ಕು. ವೇಗವನ್ನು 60ಕ್ಕೆ ಇಳಿಸಿದಾಗ ಹದಿನೇಳು. ಟೈರಿನ ಪಾಲೆಷ್ಟು, ಶೀಟಿನ ಪಾಲೆಷ್ಟು ಎಂದು ಬೇರ್ಪಡಿಸಿ ಅಳೆಯಲಿಲ್ಲ. ವೇಗ ಇಳಿಸಲು ಮಾತ್ರ ಕಾಸು ಖರ್ಚಾಗಲಿಲ್ಲ, ಅದನ್ನೂ ಬರೆದಿಡುತ್ತೇನೆ.

ಪೂರ್ಣ ಮೌನವನ್ನು ಯಾರೂ ನಿರೀಕ್ಷಿಸಬೇಡಿ. ಗಾಜುಗಳು ಹಾಗೆಯೇ ಇವೆ. ಲಾರಿಯ ಹಾರನ್ನು ಕೇಳಿಸುತ್ತದೆ, ಕೇಳಿಸಲೂ ಬೇಕು. ಕಳೆದ ತಿಂಗಳು ಬೆಂಗಳೂರಿಗೆ ಹೋಗುವಾಗ ಹಿರಿಯೂರಿನಿಂದ ಶಿರಾದವರೆಗೆ ಆಕೆಯೇ ಮಾತನಾಡಿದಳು. ನನ್ನ ಅಕ್ಕನ ಮಗನ ಮದುವೆಯಲ್ಲಿ ನಾನು ಆಡಿದ ಮಾತೊಂದರ ಬಗ್ಗೆ ಆಕೆಗೆ ಏನನ್ನಿಸಿತ್ತೆಂಬುದನ್ನು ಎರಡು ವರ್ಷಗಳ ಮೇಲೆ ವಿವರವಾಗಿ ಕೇಳಬೇಕಾಯಿತು. ನಾನು ಕೊಟ್ಟ ಸಮಜಾಯಿಷಿಯೂ ಆಕೆಗೆ ಪೂರ್ತಿ ಕೇಳಿಸಿತು, ಒಪ್ಪಿಗೆಯಾಗಲಿಲ್ಲ.

ಮೇಲ್ಛಾವಣಿ ಇನ್ನೂ ಬಾಕಿಯಿದೆ. ಜೋರುಮಳೆಯಲ್ಲಿ ಅದು ತಮಟೆಯಂತೆ ಬಡಿದುಕೊಳ್ಳುತ್ತದೆ. ಒಳಗಿನ ಬಟ್ಟೆಯನ್ನು ಹರಿಯದಂತೆ ಇಳಿಸುವುದು ನಾಜೂಕಿನ ಕೆಲಸವಾದ್ದರಿಂದ, ಅಂಗಡಿಯಲ್ಲಿ ಕೆಲಸ ಕಡಿಮೆಯಿರುವ ದಿನ ನೋಡಿ ತನ್ನಿ ಎಂದಿದ್ದಾನೆ.