ರಾಕೆಟ್ ಉಗುಳಿದ ನೀರು

ಪ್ರಿಯ ಗೆಳೆಯರೇ,

ರಾಕೆಟ್ ಬಿಟ್ಟ ಹೊಗೆ ಅಷ್ಟೆತ್ತರದಲ್ಲಿ ಏನಾಗುತ್ತದೆ ಎಂದು ಕೇಳಿದ್ದೀರಿ. ಅಲ್ಲಿ ಎಂಜಿನ್ ಉಗುಳುವುದರಲ್ಲಿ ನೀರಾವಿಯ ಪಾಲು ದೊಡ್ಡದು. ಅದು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ.

300 ಕಿ.ಮೀ. ಎತ್ತರದ ಅಯಾನುಗೋಳದಲ್ಲಿ ಬಿಡಿ ಎಲೆಕ್ಟ್ರಾನ್‌ಗಳೂ ಆಮ್ಲಜನಕದ ಅಯಾನುಗಳೂ ಇರುತ್ತವೆ. ಇವೆರಡು ನೇರವಾಗಿ ಕೂಡುವುದು ಅಪರೂಪ. ನಡುವೆ ನೀರಿನ ಅಣು ಬಂತೋ, ಅಯಾನಿನ ವಿದ್ಯುದಂಶ ಅದಕ್ಕೆ ದಾಟುತ್ತದೆ. ಆ ನೀರಿನ ಅಯಾನು ಎಲೆಕ್ಟ್ರಾನನ್ನು ಬೇಗನೆ ನುಂಗಿ ಒಡೆದುಹೋಗುತ್ತದೆ. 1973ರ ಮೇ 14ರಂದು ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣವನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ ಹೀಗೆಯೇ ಅಯಾನುಗೋಳಕ್ಕೆ ದೊಡ್ಡ ತೂತು ಕೊರೆಯಿತು. 1985ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆ ಟಾಸ್ಮೇನಿಯಾದ ಹೋಬಾರ್ಟ್ ಮೇಲೆ ಬೇಕೆಂದೇ ಎಂಜಿನ್ ಉರಿಸಿತು. ಅಯಾನುಗೋಳ ಸಾಮಾನ್ಯವಾಗಿ ಒಳಬಿಡದ 1.7 ಮೆಗಾಹರ್ಟ್ಸ್‌ನ ಆಕಾಶಗಂಗೆಯ ರೇಡಿಯೋ ತರಂಗ ಆ ತೂತಿನಿಂದ ನೆಲಕ್ಕಿಳಿಯಿತು! ಹಿಡಿದವರಲ್ಲಿ ಗ್ರೋಟ್ ರೆಬರ್ ಒಬ್ಬರು. 1937ರಲ್ಲಿ ಮನೆಯ ಹಿತ್ತಲಲ್ಲೇ ರೇಡಿಯೋ ದೂರದರ್ಶಕ ಕಟ್ಟಿದ ಅದೇ ಮಹಾಶಯರು.

ಇನ್ನೊಂದು ಕೆಲಸ ನಡೆಯುವುದು ನೀರಿನ ಅಯಾನು ಒಡೆಯುವ ಮುನ್ನ. ನೌಕೆಯ ವೇಗವೇ ಸೆಕೆಂಡಿಗೆ ಏಳು ಕಿ.ಮೀ.ಗೂ ಮಿಕ್ಕಿರುತ್ತದೆ, ಅದು ಉಗುಳಿದ ನೀರಿನ ಅಣುವೂ ಭಾರೀ ರಭಸದಲ್ಲಿರುತ್ತದೆ. ವಿದ್ಯುದಂಶ ಬಂದ ಕೂಡಲೇ ಭೂಮಿಯ ಕಾಂತಕ್ಷೇತ್ರ ಅದನ್ನು ಹಿಡಿದು ಸುತ್ತಿಸುತ್ತದೆ. ಹೀಗೆ ಗಿರಗಿರ ಸುತ್ತುವ ಅಯಾನುಗಳು, ಎಲೆಕ್ಟ್ರಾನ್ ಮತ್ತು ಅಯಾನುಗಳ ಮಿಶ್ರಣವಾದ ಪ್ಲಾಸ್ಮಾದಲ್ಲಿ ಅಲೆ ಎಬ್ಬಿಸುತ್ತವೆ. ಆ ದಾರಿಯಲ್ಲಿ ಹಾದುಹೋಗುವ ವಿಸ್ಲರ್ ಎಂಬ ರೇಡಿಯೋ ಅಲೆಗೂ, ಜೋಕಾಲಿಯನ್ನು ಹದವರಿತು ತಳ್ಳಿದ ಹಾಗೆ, ತಮ್ಮ ಶಕ್ತಿ ಕೊಡುತ್ತವೆ. (ಮಿಂಚಿನಿಂದಲೂ ವಿಸ್ಲರ್ ಹುಟ್ಟುತ್ತದೆ. ಸ್ಪೀಕರಿನಲ್ಲಿ ಕೇಳಿದರೆ ಸಿಳ್ಳೆ ಮೇಲಿಂದ ಕೆಳಕ್ಕೆ ಜಾರಿದಂತಿರುತ್ತದೆ.)

2020ರ ಮೇ 26ರಂದು ಇದು ಕಣ್ಣಿಗೆ ಕಟ್ಟುವಂತೆ ಸಿಕ್ಕಿತು. ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ತಲುಪಿಸಿ ಹೊರಟಿದ್ದ ಸಿಗ್ನಸ್ ನೌಕೆ ಒಂದು ನಿಮಿಷ ಎಂಜಿನ್ ಉರಿಸಿತು. ಅಮೆರಿಕದ ನಾರ್ತ್ ಡಕೋಟಾದಿಂದ ಜಲಾಂತರ್ಗಾಮಿಗಳಿಗೆಂದು ನೌಕಾಪಡೆ ಬಿಡುವ 25.2 ಕಿಲೋಹರ್ಟ್ಸ್ ಸಂಕೇತವನ್ನು (ಮೇಲೇರಿದಾಗ ಅದೂ ವಿಸ್ಲರ್ ಅಲೆಯೇ) ಕೆನಡಾದ ಉಪಗ್ರಹವೊಂದರ ಉಪಕರಣ ಆಲಿಸುತ್ತಿತ್ತು. ಸಂಕೇತದ ಬಲ ಸುಮಾರು 30 ಡೆಸಿಬೆಲ್ ಏರಿತು, ಅಂದರೆ ಸಾವಿರ ಪಟ್ಟು. ಸರಕು ಸಾಗಿಸುವ ನೌಕೆ ರೇಡಿಯೋ ಆಂಪ್ಲಿಫೈಯರ್ ಆಯಿತಲ್ಲ!

ಉಪಗ್ರಹಗಳ ಎಲೆಕ್ಟ್ರಾನಿಕ್ಸ್ ಕೆಡಿಸುವ, ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯ ಎಲೆಕ್ಟ್ರಾನ್‌ಗಳನ್ನು ಹೀಗೆ ಬಲಿತ ಅಲೆಗಳಿಂದ ವಾತಾವರಣಕ್ಕೆ ಉದುರಿಸಬಹುದೆಂಬ ಆಸೆ ವಿಜ್ಞಾನಿಗಳಿಗಿದೆ. ಒಂದು ನಿಮಿಷದ ಉರಿಯನ್ನು ನಂಬಿ ಅಷ್ಟು ದೂರ ಹೋಗುವುದು ಸ್ವಲ್ಪ ಅವಸರವೇ ಎಂದು ನನಗನಿಸುತ್ತದೆ. ನೀವೇನಂತೀರಿ, ಬರೆಯಿರಿ.

ನಿಮ್ಮವ